ಸಮವಸರಣದ ಹನ್ನೆರಡನೆಯ ಕೋಷ್ಠ

(ಮೋರಟಗಿಯ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಜಗತ್ತಿನ ವನ್ಯಜೀವಿಗಳ ಹಾಗೂ ವನಸ್ಪತಿಗಳ ವೈವಿಧ್ಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಬಸದಿಯ ಪ್ರತಿಷ್ಠೆಗೂ ಕಾಡುಪ್ರಾಣಿಗಳಿಗೂ ಏನು ಸಂಬಂಧವೆಂದು ಕೆಲವರಿಗಾದರೂ ಅನಿಸಿರಬಹುದು. ಜ್ಞಾನಕಲ್ಯಾಣದ ದಿನ ಇದೇ ಮಂಟಪದಲ್ಲಿ ಸಮವಸರಣದ ರಚನೆಯನ್ನು ತಾವೆಲ್ಲರೂ ಕಣ್ತುಂಬ ನೋಡಿದ್ದೀರಿ. ತೀರ್ಥಂಕರ ಪರಮದೇವರು ಗಂಧಕುಟಿಯಲ್ಲಿ ವಿರಾಜಮಾನರಾಗಿರಲು, ಅವರನ್ನು ಸುತ್ತುವರಿದ ಹನ್ನೆರಡು ಕೋಷ್ಠಗಳಲ್ಲಿ ಗಣಧರಾದಿ ಮುನಿಗಳು, ಆರ್ಯಿಕೆಯರು, ಶ್ರಾವಕರು, ಚತುರ್ನಿಕಾಯದ ದೇವದೇವಿಯರು ಕುಳಿತಿರುತ್ತಾರೆ. ಹನ್ನೆರಡನೆಯ ಕೋಷ್ಠ ತಿರ್ಯಂಚರದು. ಸಿಂಹ, ಜಿಂಕೆ, ಹಾವು, ಮುಂಗುಸಿ, ನವಿಲುಗಳು ಅಲ್ಲಿ ಜನ್ಮವೈರವನ್ನು ಮರೆತು ದಿವ್ಯಧ್ವನಿಯನ್ನು ಆಲಿಸುತ್ತವೆ. ಪ್ರಾಣಿಗಳು ಬಾಗಿಲ ಹೊರಗೆ ನಿಂತು ಕೇಳಿದುವೆಂದು ನಮ್ಮ ಪುರಾಣಕಾರರು ಬರೆಯಲಿಲ್ಲ. ಸಭೆಯೊಳಗೇ ಅವಕ್ಕೆ ಸ್ಥಾನವನ್ನು ಇತ್ತರು. ಆ ಹನ್ನೆರಡನೆಯ ಕೋಷ್ಠದ ಸ್ಥಿತಿ ಇಂದು ಹೇಗಿದೆ, ಅಲ್ಲಿಗೆ ಬರತಕ್ಕವರಲ್ಲಿ ಎಷ್ಟು ಕುಲಗಳು ಉಳಿದಿವೆ, ನಮ್ಮ ಸೀಮೆಯಿಂದ ಹೋಗತಕ್ಕವು ಯಾವುವು ಎಂಬುದೇ ನನ್ನ ವಿಷಯ.

ಗರ್ಭಗೃಹದಿಂದಲೇ ಆರಂಭಿಸೋಣ. ಜಟೆ ಅಥವಾ ಹೆಡೆಗಳ ಗುರುತುಳ್ಳ ಒಂದೆರಡು ಬಿಂಬಗಳನ್ನು ಬಿಟ್ಟರೆ, ಉಳಿದ ಜಿನಬಿಂಬಗಳೆಲ್ಲ ರೂಪದಲ್ಲಿ ಒಂದೇ. ಇದು ಯಾವ ತೀರ್ಥಂಕರರ ಬಿಂಬವೆಂದು ನಮಗೆ ತಿಳಿಸುವುದು ಪೀಠದ ಮೇಲೆ ಕೊರೆದ ಲಾಂಛನ. ದಿಗಂಬರ ಆಮ್ನಾಯದ ಇಪ್ಪತ್ತನಾಲ್ಕು ಲಾಂಛನಗಳನ್ನು ಎಣಿಸಿ ನೋಡಿರಿ. ವೃಷಭ, ಗಜ, ಅಶ್ವ, ಕಪಿ, ಚಕ್ರವಾಕ, ಮಕರ, ಖಡ್ಗಮೃಗ, ಮಹಿಷ, ವರಾಹ, ಕರಡಿ, ಜಿಂಕೆ, ಆಡು, ಮೀನು, ಕೂರ್ಮ, ಸರ್ಪ, ಸಿಂಹ ಎಂದು ಹದಿನಾರು ಪ್ರಾಣಿಗಳು. ಅನಂತನಾಥರ ಲಾಂಛನವನ್ನು ಕರಡಿಯ ಬದಲು ಮುಳ್ಳುಹಂದಿಯೆಂದು ಹೇಳುವ ಪಾಠವೂ ಉಂಟು. ನೇಮಿನಾಥರ ಶಂಖವೂ ಕಡಲಿನ ಒಂದು ಜೀವಿಯ ಮನೆಯೇ. ಪದ್ಮ, ನೀಲೋತ್ಪಲ, ಕಲ್ಪವೃಕ್ಷಗಳು ವನಸ್ಪತಿವರ್ಗದವು. ಇವೆಲ್ಲ ಸೇರಿ ಇಪ್ಪತ್ತಾದುವು. ಸ್ವಸ್ತಿಕ, ಅರ್ಧಚಂದ್ರ, ವಜ್ರ, ಕಲಶಗಳೆಂಬ ನಾಲ್ಕು ಮಾತ್ರ ಇತರ ವಸ್ತುಗಳು. ಪ್ರತಿ ತೀರ್ಥಂಕರರಿಗೂ ಕೇವಲಜ್ಞಾನವಾದ ಒಂದೊಂದು ವೃಕ್ಷವೂ ಇದೆ. ಗ್ರಂಥದಿಂದ ಗ್ರಂಥಕ್ಕೆ ಕೆಲವು ಹೆಸರುಗಳು ಬದಲಾದರೂ ಆದಿನಾಥರ ಆಲ, ಸುಪಾರ್ಶ್ವನಾಥರ ಶಿರೀಷ, ಅನಂತನಾಥರ ಅಶ್ವತ್ಥ, ಮಹಾವೀರ ಸ್ವಾಮಿಯ ಸಾಲವೃಕ್ಷಗಳು ಪ್ರಸಿದ್ಧವಾಗಿವೆ. ಹೀಗೆ ಜೀವವೈವಿಧ್ಯದ ಒಂದು ಪಟ್ಟಿಯನ್ನು ಕಲ್ಲಿನಲ್ಲಿ ಕೊರೆದು ನಿತ್ಯವೂ ಅದಕ್ಕೆ ಅಭಿಷೇಕದ ನೀರು ಹರಿಯುವಂತೆ ಮಾಡಿದ ಸಮಾಜ ನಮ್ಮದು.

ಈ ಪಟ್ಟಿಯ ಜೀವಿಗಳು ಈಗ ಎಲ್ಲಿವೆ? ಶ್ರೇಯಾಂಸನಾಥರ ಖಡ್ಗಮೃಗ ಒಂದು ಕಾಲಕ್ಕೆ ಸಿಂಧೂ ಬಯಲಿನವರೆಗೂ ಇದ್ದ ಪ್ರಾಣಿ. ಇಂದು ಅದರ ಬಹುಪಾಲು ಅಸ್ಸಾಮಿನ ಕಾಜಿರಂಗಾ ಒಂದರಲ್ಲೇ ಇದೆ. 2022ರ ಗಣತಿಯಲ್ಲಿ ಅಲ್ಲಿ 2,613 ಖಡ್ಗಮೃಗಗಳು ಎಣಿಕೆಗೆ ಬಂದುವು. ಮಹಾವೀರ ಸ್ವಾಮಿಯ ಸಿಂಹ ಆಫ್ರಿಕದ ಹೊರಗೆ ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಿನ ಸೀಮೆಯಲ್ಲಿ ಮಾತ್ರ. 2025ರಲ್ಲಿ ಅವುಗಳ ಸಂಖ್ಯೆ 891 ಎಂದು ಪ್ರಕಟವಾಯಿತು. ಅಜಿತನಾಥರ ಆನೆಯ ವಿಷಯದಲ್ಲಿ ಕರ್ನಾಟಕ ಭಾಗ್ಯಶಾಲಿ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. 2023ರ ಗಣತಿಯಂತೆ 6,395. ಕರಡಿಗಾಗಿ ಹಂಪಿಯ ಸಮೀಪದ ದರೋಜಿಯಲ್ಲಿ 1994ರಿಂದ ಒಂದು ಧಾಮವಿದೆ. ಪುಷ್ಪದಂತರ ಮಕರವನ್ನು ಮೊಸಳೆಯೆಂದೇ ಹಿಡಿದರೆ, ಕೃಷ್ಣೆಯ ದಂಡೆಯ ಊರವರಿಗೆ ಅದರ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಸುಮತಿನಾಥರ ಚಕ್ರವಾಕ, ಅಂದರೆ ನಮ್ಮ ಜಕ್ಕವಕ್ಕಿ, ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳ ಬಳಿ ಮರಿಮಾಡಿ, ಚಳಿಗಾಲಕ್ಕೆ ನಮ್ಮ ಕೆರೆಗಳಿಗೂ ನದಿಯ ಹಿನ್ನೀರಿಗೂ ಇಳಿದು ಬರುತ್ತದೆ. ಕವಿಗಳ ವಿರಹದ ವರ್ಣನೆಯಲ್ಲಿ ಅದನ್ನು ಕಂಡವರೇ ನಮ್ಮಲ್ಲಿ ಹೆಚ್ಚು. ಕೆರೆಯ ದಂಡೆಯಲ್ಲಿ ಕಂಡು ಗುರುತಿಸಿದವರು ಕಡಮೆ.

ಇನ್ನು ಜಗತ್ತಿನ ಲೆಕ್ಕ. ಸ್ವೀಡನ್ ದೇಶದ ಲಿನೇಯಸ್ ಎಂಬ ವಿದ್ವಾಂಸನು 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡು ಪದಗಳ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಅಂದಿನಿಂದ ಇಂದಿನವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು 20 ಲಕ್ಷ. ಅದರಲ್ಲಿ ಅರ್ಧದಷ್ಟು ಕೀಟಗಳೇ. ಹಕ್ಕಿಗಳು ಸುಮಾರು 11 ಸಾವಿರ. ಮೊಲೆಯುಣಿಸುವ ಪ್ರಾಣಿಗಳು ಆರೂವರೆ ಸಾವಿರದಷ್ಟು. ಹೆಸರಿಡದೆ ಉಳಿದವು ಇದಕ್ಕಿಂತ ಹೆಚ್ಚು. ಎಲ್ಲ ಸೇರಿ ಸುಮಾರು 87 ಲಕ್ಷ ಇರಬಹುದೆಂದು 2011ರಲ್ಲಿ ವಿಜ್ಞಾನಿಗಳ ಒಂದು ತಂಡ ಅಂದಾಜು ಮಾಡಿತು.

ಎಂಬತ್ತೇಳು ಲಕ್ಷವೆಂದೊಡನೆ ನಮ್ಮ ಎಂಬತ್ತನಾಲ್ಕು ಲಕ್ಷ ಯೋನಿಗಳು ನೆನಪಾಗುತ್ತವೆ. ನಮ್ಮ ಆಚಾರ್ಯರು ಆಗಲೇ ಹೇಳಿಬಿಟ್ಟಿದ್ದರೆಂದು ಹಿಗ್ಗುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಆ ಅವಸರ ಬೇಡ. ನಮ್ಮ ಲೆಕ್ಕದಲ್ಲಿ ಪೃಥ್ವೀ, ಅಪ್, ತೇಜ, ವಾಯುಕಾಯಗಳಿಗೆ ತಲಾ ಏಳು ಲಕ್ಷ, ನಿತ್ಯನಿಗೋದ ಮತ್ತು ಇತರನಿಗೋದಗಳಿಗೆ ತಲಾ ಏಳು ಲಕ್ಷ, ಪ್ರತ್ಯೇಕ ವನಸ್ಪತಿಗೆ ಹತ್ತು ಲಕ್ಷ, ಎರಡು ಮೂರು ನಾಲ್ಕು ಇಂದ್ರಿಯಗಳ ಜೀವಿಗಳಿಗೆ ತಲಾ ಎರಡು ಲಕ್ಷ, ದೇವ, ನಾರಕ, ಪಂಚೇಂದ್ರಿಯ ತಿರ್ಯಂಚರಿಗೆ ತಲಾ ನಾಲ್ಕು ಲಕ್ಷ, ಮನುಷ್ಯರಿಗೆ ಹದಿನಾಲ್ಕು ಲಕ್ಷ ಯೋನಿಗಳು. ದೇವ ನಾರಕರನ್ನು ಎಣಿಸುವ ವಿಜ್ಞಾನಿಯಿಲ್ಲ. ಮನುಷ್ಯನನ್ನು ಅವನು ಒಂದೇ ಪ್ರಭೇದವೆನ್ನುತ್ತಾನೆ. ಎರಡು ಎಣಿಕೆಗಳ ಉದ್ದೇಶವೇ ಬೇರೆ. ಸಂಖ್ಯೆಗಳ ಸಾಮ್ಯಕ್ಕಿಂತ ದೊಡ್ಡದಾದ ಹೆಮ್ಮೆಯ ಮಾತು ನಮ್ಮಲ್ಲಿದೆ: ಬರಿಗಣ್ಣಿಗೆ ಕಾಣದ ಏಕೇಂದ್ರಿಯ ಜೀವದಿಂದ ಹಿಡಿದು ಆನೆಯವರೆಗೆ ಎಲ್ಲವನ್ನೂ ಇಂದ್ರಿಯಗಳ ಆಧಾರದಿಂದ ಒಂದೇ ಶ್ರೇಣಿಯಲ್ಲಿಟ್ಟು, ಎಲ್ಲಕ್ಕೂ ಜೀವವೆಂಬ ಒಂದೇ ಪದವನ್ನು ಬಳಸಿದ ಧೈರ್ಯ.

ನಮ್ಮ ಪೂರ್ವಿಕರಿಗೆ ಈ ಜೀವಗಳ ಪ್ರತ್ಯಕ್ಷಜ್ಞಾನವೂ ಇದ್ದಿತು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಗೆ ಮೀಸಲಾದ ಗ್ರಂಥ. ಹಂಸದೇವನೆಂಬ ಜೈನ ಪಂಡಿತನ ‘ಮೃಗಪಕ್ಷಿಶಾಸ್ತ್ರ’ವಂತೂ ಪ್ರಾಣಿಪಕ್ಷಿಗಳನ್ನೇ ಕುರಿತ ಸಂಸ್ಕೃತ ಕೃತಿ. ಮುಂದಿನ ಪೀಳಿಗೆಗಳಲ್ಲಿ ನಾವು ದಯೆಯನ್ನು ಉಳಿಸಿಕೊಂಡೆವು, ಪರಿಚಯವನ್ನು ಕೈಬಿಟ್ಟೆವು. ಇದರ ಪರಿಣಾಮವೇನೆಂಬುದನ್ನು ಈಗ ಹೇಳಬೇಕಾಗಿದೆ.

ವೈವಿಧ್ಯವೆಂದೊಡನೆ ನಮ್ಮ ಮನಸ್ಸು ಪಶ್ಚಿಮಘಟ್ಟದ ಕಡೆಗೆ ಹೊರಳುತ್ತದೆ. ಅದು 2012ರಲ್ಲಿ ವಿಶ್ವಪರಂಪರೆಯ ತಾಣವೆಂದು ಘೋಷಿತವಾದ ಸಂಪತ್ತು, ನಿಜ. ಸಿಂದಗಿ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳದವರು ಮಾತ್ರ ತಮ್ಮ ಸೀಮೆಯಲ್ಲಿ ಏನೂ ಇಲ್ಲವೆಂದೇ ಹೇಳಿಕೊಳ್ಳುತ್ತಾರೆ. ಎರೆಹೊಲ, ಜಾಲಿಗಿಡ, ಬಿಸಿಲು, ಮುಗಿಯಿತು! ಭೀಮೆಗೂ ಕೃಷ್ಣೆಗೂ ನಡುವಣ ಈ ಬಯಲಿನ ಜೀವಿಗಳು ದಟ್ಟಡವಿಯಲ್ಲಿ ಬದುಕಲಾರವೆಂಬುದನ್ನು ನಾವು ಗಮನಿಸಿಲ್ಲ. ಶಾಂತಿನಾಥರ ಲಾಂಛನದ ಬಳಗಕ್ಕೆ ಸೇರಿದ ಕೃಷ್ಣಮೃಗ, ನಮ್ಮ ಬಾಯಲ್ಲಿ ಚಿಗರಿ, ಬಯಲಿನ ಪ್ರಾಣಿ. ದೂರದಿಂದಲೇ ಶತ್ರುವನ್ನು ಕಂಡು ಓಡುವುದು ಅದರ ರಕ್ಷಣೆ. ಪೊದೆ ಬೆಳೆದಲ್ಲಿ ಅದಕ್ಕೆ ಭಯ. ತೋಳವೂ ಇಂಥ ಬಯಲಿನದೇ. ಅದಕ್ಕಾಗಿ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಪ್ರತ್ಯೇಕ ಧಾಮವನ್ನೇ ಮಾಡಿದ್ದಾರೆ. ಚಳಿಗಾಲದಲ್ಲಿ ಜೋಳದ ಹೊಲದ ಮೇಲೆ ತಗ್ಗಾಗಿ ತೇಲುತ್ತ ಮಿಡತೆಗಳನ್ನು ಹಿಡಿಯುವ ಸೆಳೆವವೆಂಬ ಗಿಡುಗ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಬರತಕ್ಕದ್ದು. ನಾವು ಏನೂ ಇಲ್ಲವೆನ್ನುವ ಭೂಮಿಗೆ ಅದು ಸಾವಿರಾರು ಮೈಲಿ ಹಾರಿ ಬರುತ್ತದೆ.

ಸಿವಂಗಿಯೆಂಬ ಶಬ್ದ ನಿಘಂಟಿನಲ್ಲಿದೆ. ಚಿರತೆಗಿಂತ ಸಪೂರವಾದ, ಚಿಗರಿಯನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಬೇಟೆಯ ಪ್ರಾಣಿ ಅದು. ಇತರ ಭಾಷೆಗಳಲ್ಲಿ ಚೀತಾ ಎನ್ನುತ್ತಾರೆ. ದೇಶದಲ್ಲಿ ಅದು ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. ಎಪ್ಪತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರ್ 17ರಂದು, ನಮೀಬಿಯಾದಿಂದ ಎಂಟು ಪ್ರಾಣಿಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟರು. ಕಳೆದುಕೊಂಡದ್ದನ್ನು ತರಿಸುವ ಶ್ರಮ ಎಷ್ಟೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ದುಃಖವೆಂದರೆ ಎರೆಭೂತ ಹಕ್ಕಿಯದು. ಹೆಬ್ಬಕ, ಎರೆಲಡ್ಡು ಎಂದೂ ಕರೆಯುತ್ತಾರೆ. ಎರೆಯ ಹೆಸರನ್ನೇ ಹೊತ್ತ ಹಕ್ಕಿ. ಗಂಡು ಹದಿನೈದು ಕಿಲೋದವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಒಂದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಗೂಡಿಲ್ಲದೆ ಬರಿಯ ನೆಲದ ಮೇಲೆ ಇಡುತ್ತದೆ. ಭೀಮೆಯ ಆಚೆ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ 1979ರಲ್ಲಿ ಇದಕ್ಕಾಗಿಯೇ ಧಾಮವಾಯಿತು. ಇಂದು ಅಲ್ಲಿ ಹಕ್ಕಿ ಕಂಡರೆ ಅದೇ ಸುದ್ದಿ. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಗೂ ಸಾಲದಷ್ಟು ಉಳಿದಿವೆ. ಜಗತ್ತಿನಲ್ಲಿ ಕಾಡಿನಲ್ಲಿರುವವೆಲ್ಲ ಸೇರಿ ಇನ್ನೂರನ್ನು ಮುಟ್ಟುವುದಿಲ್ಲ. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. 2019ರಿಂದ ಅಲ್ಲಿ ಮೊಟ್ಟೆಗಳನ್ನು ಎತ್ತಿ ತಂದು ಕಾವು ಕೊಟ್ಟು ಮರಿಮಾಡಿಸುವ ಕೆಲಸ ನಡೆದಿದೆ.

ಈ ಹಕ್ಕಿಯನ್ನು ಕೊಂದವರು ಯಾರು? ಬೇಟೆಗಾರರು ಕೊಂದದ್ದುಂಟು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ಬಹಳಷ್ಟು ತಗ್ಗಿದರೂ ಹಕ್ಕಿ ಇಳಿಯುತ್ತಲೇ ಬಂತು. ಹುಲ್ಲುಗಾವಲು ಹೊಲವಾಯಿತು. ಮುಂಭಾಗದ ನೋಟ ಮಂದವಾಗಿರುವ ಈ ಭಾರದ ಹಕ್ಕಿಗೆ ವಿದ್ಯುತ್ ತಂತಿ ಎದುರಾಯಿತು. ಇದಿಷ್ಟೇ ಆಗಿದ್ದರೆ ಅಭಿವೃದ್ಧಿಯ ದೋಷವೆಂದು ಸುಮ್ಮನಿರಬಹುದಿತ್ತು. ಪುಣ್ಯಕಾರ್ಯವೆಂದೇ ಮಾಡಿದ ಕೆಲಸವೂ ಅದಕ್ಕೆ ಮುಳುವಾಯಿತು. ರಾಣೇಬೆನ್ನೂರಿನ ಬಯಲು 1974ರಲ್ಲಿ ಕೃಷ್ಣಮೃಗಧಾಮವಾಯಿತು, ಎರೆಭೂತವೂ ಅಲ್ಲಿತ್ತು. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದರು. ಮರ ಬೆಳೆಯಿತು, ಹಕ್ಕಿ ಹೋಯಿತು. ಗಿಡ ನೆಡುವುದು ಪುಣ್ಯವೆಂಬ ನಮ್ಮ ನಂಬಿಕೆ ಸರಿಯೇ. ಯಾವ ನೆಲದಲ್ಲಿ ಯಾವ ಗಿಡವೆಂಬ ವಿವೇಕವೂ ಅದರೊಡನೆ ಇರಬೇಕು. ಹುಲ್ಲು ಕೂಡ ವನಸ್ಪತಿಕಾಯವಲ್ಲವೆ? ಸರಕಾರಿ ದಫ್ತರದಲ್ಲಿ ಪಾಳುಭೂಮಿಯೆಂದು ಬರೆದ ಗಾಯರಾಣದಲ್ಲಿ ಎಷ್ಟು ಜಾತಿಯ ಹುಲ್ಲುಗಳಿವೆಯೆಂದು ಎಣಿಸಲು ಹೊರಟರೆ ಒಂದು ಮಳೆಗಾಲ ಸಾಲದು. ಹೊರದೇಶದಿಂದ ಬಂದ ಬಳ್ಳಾರಿಜಾಲಿ ಹಬ್ಬಿದ ಕಡೆಯಲ್ಲಿ ಮಾತ್ರ ಎಣಿಕೆ ಬೇಗ ಮುಗಿಯುತ್ತದೆ.

ಇನ್ನೊಂದು ನಿದರ್ಶನ ನಮ್ಮ ಸಮಾಜಕ್ಕೆ ಇನ್ನಷ್ಟು ಸಮೀಪದ್ದು. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾತಿ ಆಚಾರ್ಯರನ್ನು ಶ್ರವಣಬೆಳಗೊಳದ ಶಾಸನಗಳು ಗೃಧ್ರಪಿಂಛಾಚಾರ್ಯರೆಂದು ಕರೆಯುತ್ತವೆ. ಗೃಧ್ರವೆಂದರೆ ರಣಹದ್ದು, ಅದರ ಗರಿಯ ಪಿಂಛಿಯನ್ನು ಧರಿಸಿದವರು ಎಂದರ್ಥ. ಆ ರಣಹದ್ದುಗಳು ಈಗ ನಮ್ಮ ಆಕಾಶದಲ್ಲಿ ಇಲ್ಲ. ದನ ಸತ್ತರೆ ಊರ ಹೊರಗೆ ಇಳಿಯುತ್ತಿದ್ದ ಆ ಹಿಂಡುಗಳನ್ನು ಐವತ್ತು ದಾಟಿದವರು ನೆನಪಿಸಿಕೊಳ್ಳಬಹುದು. 1990ರ ದಶಕದಲ್ಲಿ ದೇಶದಾದ್ಯಂತ ಅವು ಕುಸಿದುವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಳಿದುವು. ಕಾರಣ ಹಲವು ವರ್ಷ ತಿಳಿಯಲಿಲ್ಲ. ಕೊನೆಗೆ ಹೊರಬಿದ್ದದ್ದು ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಮುದಿ ದನದ ನೋವು ಶಮನವಾಗಲೆಂದು ಚುಚ್ಚಿದ ಮದ್ದು ಅದರ ಮಾಂಸದಲ್ಲಿ ಉಳಿದು, ಆ ಕಳೇಬರವನ್ನು ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸಿ, ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ಅಂಥದೇ ಕೆಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಮದ್ದು ಲಭ್ಯವಿದೆ. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿಯೂ ಇರುವವು ಕೆಲವೇ.

ಗೋಶಾಲೆ, ಪಾಂಜರಾಪೋಳಗಳಿಗೆ ನಮ್ಮ ಸಮಾಜ ಧಾರಾಳವಾಗಿ ದಾನಮಾಡುತ್ತದೆ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ನೋಡಿ ಬಂದವರು ಈ ಸಭೆಯಲ್ಲೂ ಇರಬಹುದು. ಎದುರಿಗೆ ನರಳುವ ಒಂದು ಜೀವವನ್ನು ಎತ್ತಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ಪಾರಿವಾಳದ ಕುಲಕ್ಕೆ ಕೊರತೆಯಿಲ್ಲ. ಆಸ್ಪತ್ರೆಯ ಬಾಗಿಲಿಗೆ ಎಂದೂ ಬಾರದ ಹಕ್ಕಿಯ ಕುಲವೇ ನಿಂತುಹೋಗುತ್ತಿದೆ. ಗೋಶಾಲೆಗೆ ಹಣ ಕೊಡುವವರು ಅಲ್ಲಿನ ವೈದ್ಯರನ್ನು ಯಾವ ಮದ್ದು ಬಳಸುತ್ತೀರೆಂದು ಒಂದು ಮಾತು ಕೇಳಿದರೆ ತಪ್ಪಿಲ್ಲ. ಕರುಣೆಯಿಂದ ಹಾಕಿದ ಸೂಜಿ ಇನ್ನೊಂದು ಕಡೆ ಹಿಂಸೆಯಾಗಿ ಮುಗಿದುದನ್ನು ನಾವು ಕಂಡಾಗಿದೆ.

ಪೂಜ್ಯರ ಕೈಯಲ್ಲಿರುವ ಮಯೂರಪಿಂಛಿಯನ್ನು ನೋಡಿರಿ. ಮಳೆಗಾಲದ ಕೊನೆಗೆ ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಅದನ್ನು ಕಟ್ಟತಕ್ಕದ್ದು. ನೆಲದ ಮೇಲಿನ ಇರುವೆಗೂ ನೋವಾಗದ ಮೃದುತ್ವ ಆ ಗರಿಯಲ್ಲಿದೆಯೆಂದೇ ಅದನ್ನು ಆರಿಸಿದರು. ನಮ್ಮ ಮುನಿಧರ್ಮದ ಉಪಕರಣವೊಂದು ಬದುಕಿರುವ ಕಾಡುಹಕ್ಕಿಯ ಮೇಲೆ ಅವಲಂಬಿಸಿದೆಯೆಂಬುದು ಸಣ್ಣ ಸಂಗತಿಯಲ್ಲ. ಬಿತ್ತನೆಯ ಕಾಲದಲ್ಲಿ ವಿಷ ಸವರಿದ ಬೀಜವನ್ನು ಹೆಕ್ಕಿ ನವಿಲುಗಳು ಸತ್ತ ವಾರ್ತೆ ದೇಶದ ನಾನಾ ಭಾಗಗಳಿಂದ ಬರುತ್ತಲೇ ಇರುತ್ತದೆ. ಬೀಜೋಪಚಾರ ಮಾಡಬೇಡಿರೆಂದು ನಾನು ಹೇಳಲಾರೆ. ಬೀಜವನ್ನು ಮಣ್ಣಿನ ಮೇಲೆ ಚೆಲ್ಲದೆ ಪೂರ್ತಿ ಮುಚ್ಚಿರಿ, ಉಳಿದದ್ದನ್ನು ಬದುವಿನ ಮೇಲೆ ಸುರಿಯಬೇಡಿರಿ.

ಚಿಗರಿ, ಹಂದಿಗಳು ತೊಗರಿಯನ್ನು ತಿಂದು ಹಾಳುಮಾಡುತ್ತವೆ, ಉಪದೇಶ ಹೇಳುವವರಿಗೇನು ಎಂದು ಕೇಳುವ ಒಕ್ಕಲುತನದ ಬಂಧುಗಳ ಪ್ರಶ್ನೆ ನ್ಯಾಯವಾದದ್ದು. ರಾತ್ರಿಯಿಡೀ ಹೊಲ ಕಾಯುವವನ ಕಷ್ಟವನ್ನು ಪೇಟೆಯಲ್ಲಿ ಕುಳಿತವನು ಅಳೆಯಬಾರದು. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುವ ಅವಕಾಶವಿದೆ. ಅರ್ಜಿ ಬರೆದು, ಪಂಚನಾಮೆ ಮಾಡಿಸಿ, ಬೆನ್ನುಹತ್ತಿ ಕೆಲಸ ಮುಗಿಸಲು ಓದಿದ ತರುಣರು ನೆರವಾಗಬೇಕು. ಅಭಯದಾನದ ಹಣದಲ್ಲಿ ಒಂದು ಪಾಲನ್ನು ಇಂಥ ನಷ್ಟಕ್ಕೆ ಮೀಸಲಿಡಬಹುದ��ಂಬುದನ್ನು ಸಮಿತಿಯ ಹಿರಿಯರ ವಿಚಾರಕ್ಕೆ ಬಿಡುತ್ತೇನೆ. ಪ್ರಾಣಿಯನ್ನು ಉಳಿಸುವ ಪುಣ್ಯ ಎಲ್ಲರದು, ನಷ್ಟ ಮಾತ್ರ ಬಡ ಒಕ್ಕಲಿಗನದು ಎಂದಾದರೆ ಅದು ಧರ್ಮವೆನಿಸದು.

ಶಾಸ್ತ್ರದಲ್ಲಿ ಇದಕ್ಕೆಲ್ಲ ಆಧಾರವೆಲ್ಲಿ ಎಂದು ಕೇಳುವವರಿಗೆ ಶ್ರಾವಕಾಚಾರವನ್ನು ತೋರಿಸುತ್ತೇನೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನು ಬಿಡತಕ್ಕ ಹದಿನೈದು ಖರಕರ್ಮಗಳ ಪ್ರಸ್ತಾಪವಿದೆ. ಕಾಡು ಕಡಿದು ಮಾರುವ ವನಜೀವಿಕೆ, ಇದ್ದಿಲು ಸುಡುವ ಅಗ್ನಿಜೀವಿಕೆ, ಹುಲ್ಲಿಗೆ ಕಾಡಿಗೆ ಬೆಂಕಿಯಿಡುವ ದವಪ್ರದ, ಕೆರೆಕುಂಟೆಗಳನ್ನು ಬತ್ತಿಸುವ ಸರಃಶೋಷ, ಆನೆಯ ದಂತ ಮುಂತಾದವುಗಳ ವ್ಯಾಪಾರವಾದ ದಂತವಾಣಿಜ್ಯ, ವಿಷವಾಣಿಜ್ಯ ಇವೆಲ್ಲ ಆ ಪಟ್ಟಿಯಲ್ಲಿವೆ. ಗಮನವಿಟ್ಟು ನೋಡಿದರೆ, ಇವುಗಳಲ್ಲಿ ಹಲವು ಒಂದು ಪ್ರಾಣಿಯ ಕೊರಳನ್ನು ಮುಟ್ಟುವ ಕರ್ಮಗಳಲ್ಲ. ಅನೇಕ ಜೀವಗಳ ನೆಲೆಯನ್ನು ಕೆಡಿಸುವ ಕರ್ಮಗಳು. ಅನರ್ಥದಂಡವ್ರತದಲ್ಲಿ ಬರುವ ಪ್ರಮಾದಚರ್ಯೆಯೂ ಅಷ್ಟೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು. ಪರಿಗ್ರಹಪರಿಮಾಣವನ್ನು ಹೇಳುವಾಗ ಬಾಹ್ಯಪರಿಗ್ರಹಗಳಲ್ಲಿ ಮೊದಲು ಹೆಸರಿಸಿದ್ದು ಕ್ಷೇತ್ರವನ್ನು, ಎಂದರೆ ಹೊಲವನ್ನು. ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಹೊಲದ ಬೆಲೆ ಏರಿದೆ. ನಾರಾಯಣಪುರದ ಎಡದಂಡೆಯ ನೀರು ಬರಗಾಲದ ನಾಡಿಗೆ ವರವೇ. ಅದನ್ನು ಹಳಿಯುವವನು ಕೃತಘ್ನ. ಆದರೆ ಬೆಲೆ ಏರಿದಂತೆಲ್ಲ ಬದು ಸವೆಯಿತು, ಹಳ್ಳದ ದಂಡೆ ಹೊಲಕ್ಕೆ ಸೇರಿತು, ಗಾಯರಾಣದ ಅಂಚು ಪ್ರತಿವರ್ಷ ಒಂದೆರಡು ಸಾಲು ಒಳಸರಿಯಿತು. ಪರಿಗ್ರಹವ್ರತವನ್ನು ತೆಗೆದುಕೊಂಡವರು ಮುಂದಿನ ಸಲ ಕುಂಟೆ ಹೊಡೆಯುವಾಗ ಬದುವಿನ ಬಳಿ ಎತ್ತನ್ನೋ ಟ್ರ್ಯಾಕ್ಟರನ್ನೋ ಒಂದು ಮಾರು ಮೊದಲೇ ತಿರುಗಿಸಬಹುದು.

ಬಸದಿಯ ಸುತ್ತ ಉದ್ಯಾನವನ್ನು ಮಾಡುವ ಯೋಚನೆ ಇದ್ದರೆ, ಒಬ್ಬ ಹಳೆಯ ಜೀವಶಾಸ್ತ್ರದ ಮಾಸ್ತರನ ಮಾತೊಂದನ್ನು ಕೇಳಿರಿ. ಕೇವಲಜ್ಞಾನ ವೃಕ್ಷಗಳನ್ನೇ ಹಾಕುವುದಾದರೆ ಸಾಲವೃಕ್ಷದ ಹಟ ಬೇಡ. ಅದು ಮಧ್ಯಭಾರತದ ಮತ್ತು ಹಿಮಾಲಯದ ತಪ್ಪಲಿನ ಮರ, ಎರೆಯಲ್ಲಿ ನಿಲ್ಲುವುದು ಕಷ್ಟ. ಆದಿನಾಥರ ಆಲ, ಅನಂತನಾಥರ ಅರಳಿ, ಶಿರೀಷವೆಂದು ಗ್ರಂಥಗಳಲ್ಲಿರುವ ನಮ್ಮ ಬಾಗೆಮರಗಳು ಚೆನ್ನಾಗಿ ಬರುತ್ತವೆ. ಎಲ್ಲ ಜಾಗಕ್ಕೂ ಮರ ಹಾಕಬೇಡಿರಿ. ಹಿಂಬದಿಯಲ್ಲಿ ಒಂದು ತುಂಡು ನೆಲವನ್ನು ಹುಲ್ಲಿಗೆ ಬಿಡಿರಿ, ಫರಸಿಕಲ್ಲನ್ನು ಹಾಸಬೇಡಿರಿ. ಟಿಟ್ಟಿಭ ಹಕ್ಕಿ ಬೇಸಗೆಯಲ್ಲಿ ಅಂಥ ಬರಿನೆಲದ ಮೇಲೆ, ಹೆಂಟೆಯ ಬಣ್ಣದ ನಾಲ್ಕು ಮೊಟ್ಟೆಗಳನ್ನಿಟ್ಟು ಕೂರುತ್ತದೆ. ಮಹಾವೀರ ಜಯಂತಿಗಾಗಿ ಆವರಣವನ್ನು ಸ್ವಚ್ಛಗೊಳಿಸುವುದೂ ಅದೇ ತಿಂಗಳುಗಳಲ್ಲಿ. ಗುದ್ದಲಿ ಹಿಡಿದ ಹುಡುಗರಿಗೆ ಮೊದಲು ಆ ಮೊಟ್ಟೆಗಳನ್ನು ತೋರಿಸಿರಿ.

ಜೈ ಜಿನೇಂದ್ರ.